ಸ್ಟೇರಿಂಗ್ ನಡುಗುವ ಗಾಡಿ: ದೋಷ ಹುಡುಕಿ ಸರಿಪಡಿಸಿದ ಬಗೆ

"ಸ್ಟೇರಿಂಗ್ ಬಾಳ ನಡಗತೈತ್ರಿ, ಅಲೈನ್‌ಮೆಂಟ್ ಔಟ್ ಆಗೈತೇನೋ ನೋಡ್ರಿ" ಎನ್ನುತ್ತಲೇ ಹೆಚ್ಚಿನವರು ಗಾಡಿ ತರುತ್ತಾರೆ. ತಿರುಗಿ ಕೇಳಬೇಕಾದ್ದು ಒಂದೇ ಮಾತು: "ಯಾವಾಗ ನಡಗತೈತ್ರಿ ಅಣ್ಣಾ? ಬ್ರೇಕ್ ತುಳದಾಗೇನು, ಸುಮ್ಮ ಹೊಂಟಾಗೂ ಐತೇನು? ಎಷ್ಟು ಸ್ಪೀಡಿಗೆ?" ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅಲೈನ್‌ಮೆಂಟ್ (ಗಾಲಿಗಳು ನಿಲ್ಲುವ ಕೋನ) ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ, ಟೈರಿನ ಅಂಚು ಸವೆಯುತ್ತದೆ. ಅದೊಂದರಿಂದಲೇ ಸ್ಟೇರಿಂಗ್ ನಡುಗುವುದಿಲ್ಲ. ಬಹಳ ದಿನ ಹಾಗೆಯೇ ಓಡಿಸಿ ಟೈರ್ ಏರುಪೇರಾಗಿ ಸವೆದ ಮೇಲೆ ನಡುಕ ಬರಬಹುದು, ಆದರೆ ಆಗ ನಡುಗಿಸುವುದು ಟೈರು. ಯಂತ್ರದ ಮೇಲೆ ಕೋನ ಸರಿಮಾಡಿದ ಮಾತ್ರಕ್ಕೆ ಸವೆದ ರಬ್ಬರು ವಾಪಸ್ ಬರುವುದಿಲ್ಲ.

ಈ ಕೆಲಸದಲ್ಲಿ ನಂಬಬಹುದಾದ ಲೆಕ್ಕ ಹೀಗಿದೆ. 80ರಿಂದ 110 ಕಿ.ಮೀ. ವೇಗದ ನಡುವೆ ನಡುಕ ಬಂದು ಅದಕ್ಕಿಂತ ಕೆಳಗೆ ಇಲ್ಲವೆಂದರೆ ಮುಂದಿನ ಗಾಲಿಗಳ ಬ್ಯಾಲೆನ್ಸ್ (ಸುತ್ತಲೂ ಸಮನಾದ ತೂಕ) ತಪ್ಪಿದೆ, ಇಲ್ಲವೇ ರಿಮ್ ಬಗ್ಗಿದೆ. ಅದೇ ವೇಗದಲ್ಲಿ ಕೈಗಿಂತ ಸೀಟು, ನೆಲ ಹೆಚ್ಚು ಅದುರಿದರೆ ಹಿಂದಿನ ಗಾಲಿ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಅಂದರೆ ಬ್ರೇಕಿನ ಪ್ಯಾಡ್ ಹಿಡಿಯುವ ತಟ್ಟೆ. ಆಕ್ಸಲರೇಟರ್ ಒತ್ತಿದಾಗ ಬಂದು ಕಾಲು ತೆಗೆದ ಕೂಡಲೇ ಹೋದರೆ ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವ ಡ್ರೈವ್ ಶಾಫ್ಟಿನ ಒಳಬದಿಯ ಜಾಯಿಂಟ್. 20–40ರ ನಿಧಾನದಲ್ಲೇ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ತೂಗಿದರೆ ಟೈರಿನ ಒಳಪದರ ಬಿಟ್ಟು ಉಬ್ಬಿರುವ ಸಾಧ್ಯತೆ ಹೆಚ್ಚು; ಆ ಟೈರಿನಲ್ಲಿ ಹೈವೇಗೆ ಹೋಗಲೇಬಾರದು. ನಿಂತ ಗಾಡಿಯಲ್ಲಿ ಎಸಿ ಹಾಕಿದಾಗ ನಡುಗಿದರೆ ಎಂಜಿನ್ ಹೊತ್ತು ನಿಲ್ಲುವ ಮೌಂಟ್ ಕಡೆ ನೋಡಬೇಕು, ಗಾಲಿಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಹೇಳುತ್ತಿರುವುದು ಗಂಗಾವತಿ–ಸಿಂಧನೂರು ಕಡೆ ಓಡಾಡುವ ಒಂದು ಮುಂಗಾಲಿ ಎಳೆತದ ಸೆಡಾನ್ ಬಗ್ಗೆ. ಉಕ್ಕಿನ ರಿಮ್, 165/80 ಆರ್14 ಅಳತೆಯ ಟೈರು. 90ರ ಆಸುಪಾಸಿನಲ್ಲಿ ಸ್ಟೇರಿಂಗ್ ಸಣ್ಣಗೆ ಅದುರುತ್ತಿತ್ತು, ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಕೈ ಜೋರಾಗಿ ನಡುಗುತ್ತಿತ್ತು. ಎರಡು ಲಕ್ಷಣ ಒಟ್ಟಿಗೆ ಬಂದಾಗ ಎರಡು ದೋಷ ಇರಬಹುದೆಂದೇ ಹಿಡಿದು ಹೊರಡಬೇಕು. ಒಂದನ್ನು ಸರಿಮಾಡಿ, ಮತ್ತೆ ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು.

ಓಡಿಸಿ ನೋಡಲು ಕುಷ್ಟಗಿ ಕಡೆಯ ಎನ್‌ಎಚ್ 50ರಂತಹ ನಾಲ್ಕು ಪಥದ ನೇರ ರಸ್ತೆ ಬೇಕು. ಲಾರಿಗಳಿಂದ ತಗ್ಗುದಿಣ್ಣೆ ಬಿದ್ದ ರಸ್ತೆಯಲ್ಲಿ ನಡುಕ ರಸ್ತೆಯದೋ ಗಾಡಿಯದೋ ತಿಳಿಯುವುದಿಲ್ಲ. 40, 60, 80, 90, 100 ಹೀಗೆ ಒಂದೊಂದು ವೇಗದಲ್ಲಿ ಸ್ವಲ್ಪ ಹೊತ್ತು ಸ್ಥಿರವಾಗಿ ಓಡಿಸಿ, ನಡುಕ ಎಲ್ಲಿ ಹುಟ್ಟಿತು, ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಬರೆದುಕೊಳ್ಳಬೇಕು. ನಡುಕ ಜೋರಾಗಿರುವ ವೇಗದಲ್ಲಿ ಹಿಂದೆ ಮುಂದೆ ಗಾಡಿ ಇಲ್ಲದಾಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ನೋಡಿ. ಎಂಜಿನ್ ಆರ್‌ಪಿಎಂ ಇಳಿದರೂ ನಡುಕ ಹಾಗೇ ಇದ್ದರೆ ಅದು ಗಾಲಿಯ ಕಡೆಯದು. ಎಂಜಿನ್ ಮಾತ್ರ ಆಫ್ ಮಾಡಬಾರದು: ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕಿನ ಬೂಸ್ಟರ್ ಬೇಗ ಖಾಲಿಯಾಗುತ್ತದೆ, ಕೀ ಹಿಂದೆ ತಿರುಗಿದರೆ ಸ್ಟೇರಿಂಗ್ ಲಾಕ್ ಬೀಳುವ ಅಪಾಯವೂ ಇದೆ.

ನ್ಯೂಟ್ರಲ್‌ನಲ್ಲೂ ಈ ಗಾಡಿಯ ನಡುಕ ಹೋಗಲಿಲ್ಲ. 85ಕ್ಕೆ ಶುರುವಾಗಿ, 95–100ಕ್ಕೆ ತುದಿ ಮುಟ್ಟಿ, 110 ದಾಟಿದ ಮೇಲೆ ಸ್ವಲ್ಪ ಇಳಿಯುತ್ತಿತ್ತು. ಗಾಲಿಯ ದೋಷದ ನಡತೆಯೇ ಇದು. 165/80 ಆರ್14 ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 100 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ಮುಂದಿನ ಸಸ್ಪೆನ್ಷನ್ ಮತ್ತು ಸ್ಟೇರಿಂಗಿನ ಸ್ವಂತ ಅದುರುವಿಕೆಯೂ ಹೆಚ್ಚುಕಡಿಮೆ ಅದೇ ಲಯದಲ್ಲಿರುತ್ತದೆ. ಎರಡೂ ಕೂಡಿದಾಗ ನಡುಕ ಏರುತ್ತದೆ, ವೇಗ ಇನ್ನೂ ಹೆಚ್ಚಿ ಲಯ ತಪ್ಪಿದಾಗ ಇಳಿಯುತ್ತದೆ. ಇಳಿಯಿತೆಂದು ದೋಷ ಹೋಗಿದೆ ಎಂದುಕೊಂಡು ಜೋರು ಓಡಿಸುವವರಿದ್ದಾರೆ. ಹೋಗಿರುವುದಿಲ್ಲ. ಬೇರಿಂಗ್, ಬುಷ್ ಮೇಲೆ ಏಟು ಬೀಳುತ್ತಲೇ ಇರುತ್ತದೆ.

ತೂಕದ ಲೆಕ್ಕವನ್ನೂ ಒಮ್ಮೆ ನೋಡಬೇಕು. 14 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸವಿದ್ದರೆ 100 ಕಿ.ಮೀ. ವೇಗದಲ್ಲಿ ಅದು ಸುಮಾರು 4.4 ಕೆಜಿ ಬಲದಿಂದ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ 14 ಸಲ ದಿಕ್ಕು ಸುತ್ತುತ್ತ. 50ರ ವೇಗದಲ್ಲಿ ಇದು ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಊರೊಳಗೆ ಏನೂ ಗೊತ್ತಾಗುವುದಿಲ್ಲ. 30 ಗ್ರಾಂ ಎಂದರೆ ರಿಮ್ಮಿನ ಅಂಚಿಗೆ ಸಿಕ್ಕಿಸುವ ಒಂದೇ ಒಂದು ಕ್ಲಿಪ್ ವೇಟ್. ಪಂಕ್ಚರ್ ಹಾಕಿಸುವಾಗಲೋ ಪ್ರೆಷರ್ ವಾಶ್ ಹೊಡೆಯುವಾಗಲೋ ಅದು ಬಿದ್ದರೆ ಯಾರಿಗೂ ಕಾಣುವುದಿಲ್ಲ.

ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಕಣ್ಣಿನಿಂದ ಮಾಡುವ ಕೆಲಸವಿದೆ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ನೋಡಿದರೆ ಗೇಜ್ ಹೆಚ್ಚು ತೋರಿಸುತ್ತದೆ. ಪ್ರತಿ 5–6 ಡಿಗ್ರಿ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಆಗ ಗಾಳಿ ಬಿಟ್ಟರೆ ಬೆಳಿಗ್ಗೆಗೆ ಕಡಿಮೆ ಬೀಳುತ್ತದೆ. ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಟೈರಿನ ಬದಿಯಲ್ಲಿ ಬರೆದದ್ದು ಟೈರು ತಡೆಯುವ ಗರಿಷ್ಠ ಮಿತಿ, ಅಷ್ಟು ತುಂಬಬೇಕೆಂದಲ್ಲ. ಟೈರಿನ ವಯಸ್ಸನ್ನು ಬದಿಯಲ್ಲಿರುವ ತಯಾರಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯಲ್ಲಿ ಓದಬಹುದು: 3219 ಎಂದಿದ್ದರೆ 2019ರ 32ನೇ ವಾರದಲ್ಲಿ ಆದದ್ದು. ನಮ್ಮ ಬಿಸಿಲಿಗೆ ಐದಾರು ವರ್ಷ ದಾಟಿದ ಟೈರನ್ನು ಟ್ರೆಡ್ಡಿನ (ನೆಲಕ್ಕೆ ತಾಗುವ ಮೈಯ) ಗೀರು ಎಷ್ಟೇ ಆಳವಿದ್ದರೂ ಅನುಮಾನದಿಂದಲೇ ನೋಡಬೇಕು. ಟ್ರೆಡ್ ಮೇಲೆ ಅಂಗೈ ಸವರುತ್ತ ಒಂದು ಸುತ್ತು ಬಂದರೆ ಉಬ್ಬು ಕೈಗೆ ಸಿಗುತ್ತದೆ. ವಾರಗಟ್ಟಲೆ ಒಂದೇ ಕಡೆ ನಿಂತ ಗಾಡಿಯಲ್ಲಿ ಟೈರಿನ ತಳ ಚಪ್ಪಟೆಯಾಗಿ ನಡುಕ ಬರುವುದುಂಟು. ಹತ್ತು–ಹದಿನೈದು ಕಿ.ಮೀ. ಓಡಿ ಟೈರು ಬಿಸಿಯಾದ ಮೇಲೆ ಅದು ಹೋದರೆ ಖರ್ಚು ಮಾಡಬೇಕಾಗಿಲ್ಲ.

ಆಮೇಲೆ ಮಣ್ಣು. ಈ ಭಾಗದಲ್ಲಿ ಇದನ್ನು ಬಿಟ್ಟು ಉಳಿದದ್ದು ನೋಡುವುದು ವ್ಯರ್ಥ. ಭತ್ತದ ನಾಟಿ ಕಾಲದಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಗಾಲಿ) ಹೊತ್ತು ತಂದ ಕೆಸರು ಬಿದ್ದಿರುತ್ತದೆ. ಎರೆಮಣ್ಣು ರಿಮ್ಮಿನ ಒಳಬದಿಗೆ ಹೋಗಿ ಕೂತು, ಬ್ರೇಕಿನ ಬಿಸಿಗೂ ಬಿಸಿಲಿಗೂ ಒಣಗಿ ಕಲ್ಲಾಗುತ್ತದೆ. ಹೊರಗಿನಿಂದ ಪೈಪು ಹಿಡಿದು ತೊಳೆದರೆ ಮುಂಬದಿ ಮಾತ್ರ ಹೊಳೆಯುತ್ತದೆ. ಸಂಡೂರು–ಬಳ್ಳಾರಿ ಕಡೆ ಓಡುವ ಗಾಡಿಗಳಲ್ಲಿ ಇದೇ ಜಾಗದಲ್ಲಿ ಅದಿರಿನ ಕೆಂಪು ಧೂಳು ನೀರು ಸೇರಿ ಗಟ್ಟಿಯಾಗಿರುತ್ತದೆ. ಕಬ್ಬಿಣದ ಅಂಶವಿರುವುದರಿಂದ ಅಷ್ಟೇ ಗಾತ್ರದ ಮಣ್ಣಿಗಿಂತ ತೂಕ ಹೆಚ್ಚು. ನಮ್ಮ ಗಾಡಿಯ ಎಡ ಮುಂಗಾಲಿ ಬಿಚ್ಚಿ ಕವುಚಿ ಹಾಕಿದಾಗ ಒಳಬಾಯಿಯ ಹತ್ತಿರ ಗೇಣುದ್ದದ ಎರೆಮಣ್ಣಿನ ಪಟ್ಟಿ ಒಣಗಿದ ಕುಳ್ಳಿನಂತೆ ಹತ್ತಿಕೊಂಡಿತ್ತು. ಅಂಥದ್ದು 100 ಗ್ರಾಂ ಇದ್ದರೂ 100ರ ವೇಗದಲ್ಲಿ 14 ಕೆಜಿ ಹತ್ತಿರದ ಎಳೆತ. ಸ್ಕ್ರೂಡ್ರೈವರಿನಿಂದ ಕೆರೆಯಬಾರದು, ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ. ಅಲಾಯ್ ಆದರೆ ಗೀರು ಬೀಳುತ್ತದೆ. ನೀರು ಹೊಡೆದು ಹತ್ತು ನಿಮಿಷ ನೆನೆಯಲು ಬಿಟ್ಟು ಮರದ ಚಕ್ಕೆಯಿಂದ ಎಬ್ಬಿಸಿದರೆ ಹೆಂಟೆಯಾಗಿ ಬರುತ್ತದೆ. ಈ ಮಣ್ಣಿನ ಮೇಲೆಯೇ ಬ್ಯಾಲೆನ್ಸಿಂಗ್ ಮಾಡಿಕೊಡುವ ಅಂಗಡಿಗಳಿವೆ. ಯಂತ್ರ ಸೊನ್ನೆ ತೋರಿಸುತ್ತದೆ, ಮುಂದಿನ ಮಳೆಗೆ ಮಣ್ಣು ಉದುರಿ ನಡುಕ ಮರಳಿ ಬರುತ್ತದೆ.

ಜಾಕ್ ಹಾಕುವ ಬಗ್ಗೆ ಒಂದು ಮಾತು. ಎರೆನೆಲದಲ್ಲಿ ಜಾಕ್ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಕೊಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಳಿಸಿಯೇ ಕೆಲಸ ಮಾಡಬೇಕು. ಇಟ್ಟಿಗೆ ನಂಬಬಾರದು, ಒಮ್ಮೆಲೇ ಒಡೆಯುತ್ತದೆ.

ಮಣ್ಣು ತೆಗೆದ ಮೇಲೆ ಗಾಲಿಯನ್ನು ಅಲ್ಲೇ ಕಟ್ಟಿ, ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸಿದ ಸ್ಕ್ರೂಡ್ರೈವರಿನ ತುದಿಯನ್ನು ರಿಮ್ಮಿನ ಅಂಚಿಗೆ ಕೂದಲೆಳೆ ದೂರದಲ್ಲಿಟ್ಟು ಕೈಯಿಂದ ತಿರುಗಿಸಿ ನೋಡಿದೆವು. ಹೊರ ಅಂಚು ಸರಿಯಾಗಿತ್ತು. ಒಳ ಅಂಚಿನಲ್ಲಿ ಒಂದು ಕಡೆ ಅಂತರ ಹೆಚ್ಚಾಗಿ ಮತ್ತೆ ಕಡಿಮೆಯಾಗುತ್ತಿತ್ತು. ಸೂಕ್ಷ್ಮ ಅಳತೆಯ ಡಯಲ್ ಗೇಜ್ ಹಚ್ಚಿದಾಗ 2 ಮಿ.ಮೀ. ಮೀರಿದ ಓಲಾಟ. ಉಕ್ಕಿನ ರಿಮ್ಮಿಗೆ ಸುಮಾರು 1.2 ಮಿ.ಮೀ., ಅಲಾಯ್‌ಗೆ ಅದಕ್ಕೂ ಕಡಿಮೆ ಇದ್ದರೆ ಒಪ್ಪಬಹುದು. ತಗ್ಗಿಗೆ ಬಿದ್ದ ಏಟನ್ನು ಸಾಮಾನ್ಯವಾಗಿ ಒಳ ಅಂಚೇ ತಿನ್ನುತ್ತದೆ, ಅದು ಹೊರಗೆ ನಿಂತು ನೋಡುವವರಿಗೆ ಎಂದೂ ಕಾಣುವುದಿಲ್ಲ. ಉಕ್ಕಿನ ರಿಮ್ಮನ್ನು ಪ್ರೆಸ್‌ನಲ್ಲಿ ತಕ್ಕಮಟ್ಟಿಗೆ ನೇರ ಮಾಡಬಹುದು. ಅಲಾಯ್ ರಿಮ್ಮಿಗೆ ಗ್ಯಾಸ್ ಬೆಂಕಿ ಹಿಡಿದು ಬಡಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ.

ಅಂಗಡಿಗೆ ಹೋಗುವ ಮೊದಲು ದುಡ್ಡಿಲ್ಲದ ಪರೀಕ್ಷೆಯೊಂದಿದೆ: ಮುಂದಿನ ಎರಡೂ ಗಾಲಿಗಳನ್ನು ಅದೇ ಬದಿಯ ಹಿಂದಿನ ಗಾಲಿಗಳೊಂದಿಗೆ ಬದಲಿಸಿ ಓಡಿಸುವುದು. ಬದಿ ಬದಲಾಗುವುದಿಲ್ಲವಾದ್ದರಿಂದ ತಿರುಗುವ ದಿಕ್ಕಿನ ಬಾಣವಿರುವ ಟೈರಿಗೂ ತೊಂದರೆಯಿಲ್ಲ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಹೋದರೆ ದೋಷ ಗಾಲಿಯಲ್ಲೇ ಇದೆ. ಜಾಗ ಬದಲಾಗದಿದ್ದರೆ ಹಬ್ (ಗಾಲಿ ಕೂರುವ ನಡುಭಾಗ), ಡಿಸ್ಕ್, ಶಾಫ್ಟ್ ಕಡೆ ನೋಡಬೇಕು. ನಮ್ಮ ಗಾಡಿಯಲ್ಲಿ ಸೀಟಿಗೆ ಹೋಯಿತು. ಸ್ಟೆಪ್ನಿಯೂ ಅದೇ ಅಳತೆಯದಾಗಿದ್ದರಿಂದ ಬಗ್ಗಿದ ರಿಮ್ಮನ್ನು ಬಿಟ್ಟು ಸ್ಟೆಪ್ನಿಯ ರಿಮ್ಮಿಗೆ ಟೈರು ಏರಿಸಿದೆವು. ಬಗ್ಗಿದ್ದು ಪ್ರೆಸ್‌ಗೆ ಹೋಗಿ ಬಂದು ಸ್ಟೆಪ್ನಿಯಾಗಿ ಉಳಿಯಿತು.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಬೇಕು. ಮೊದಲು ಹಳೆಯ ವೇಟ್ ಎಲ್ಲ ಕಿತ್ತಿರಬೇಕು. ಗಾಲಿಯನ್ನು ಯಂತ್ರದ ಶಾಫ್ಟಿಗೆ ಏರಿಸುವಾಗ, ಅದನ್ನು ಸರಿಯಾಗಿ ನಡುವಿಗೆ ಹಿಡಿಯುವ ಕೋನ್ ರಿಮ್ಮಿನ ನಡುತೂತಿಗೆ ಸರಿಯಾಗಿ ಕೂರಬೇಕು. ನಡುವೆ ತುಕ್ಕು, ಮಣ್ಣಿನ ಕಣವಿದ್ದರೆ ಯಂತ್ರ ತೋರುವ ಲೆಕ್ಕವೆಲ್ಲ ಸುಳ್ಳು. ಯಂತ್ರಕ್ಕೆ ಮೂರು ಅಳತೆ ಕೊಡಬೇಕು: ರಿಮ್ಮಿನ ವ್ಯಾಸ, ಅಗಲ, ಯಂತ್ರದಿಂದ ರಿಮ್ಮಿಗಿರುವ ದೂರ. ಹಿಂದಿನ ಗಾಡಿಯ ಅಳತೆ ಹಾಗೇ ಬಿಟ್ಟು ಒತ್ತುವುದು ನಾನು ಹೆಚ್ಚು ನೋಡಿರುವ ತಪ್ಪು. ಒಳಗೆ, ಹೊರಗೆ ಎರಡೂ ಬದಿಗೆ ಬೇರೆ ಬೇರೆ ತೂಕ ಬರುತ್ತದೆ, ಎರಡೂ ಹಚ್ಚಬೇಕು. ವೇಟ್ ಹಚ್ಚಿದ ಮೇಲೆ ಸೊನ್ನೆ ಬಂತೆಂದು ಬಿಡದೆ, ಗಾಲಿಯನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸಲು ಹೇಳಿ. ಆಗಲೂ ಸೊನ್ನೆ ಇಲ್ಲವೇ 5 ಗ್ರಾಂ ಒಳಗಿದ್ದರೆ ಕೂರಿಸಿದ್ದು ಸರಿಯಾಗಿದೆ. 20–25 ಗ್ರಾಂ ತೋರಿಸಿದರೆ ಕೋನ್ ಸರಿ ಕೂತಿಲ್ಲ, ಕೆಲಸ ಮೊದಲಿನಿಂದ.

ಒಂದೇ ಬದಿಗೆ 70–80 ಗ್ರಾಂ ಕೇಳಿದರೆ ವೇಟ್ ಸಾಲು ಹಚ್ಚುವ ಬದಲು ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಟೈರಿನ ಭಾರದ ಕಡೆಯೂ ರಿಮ್ಮಿನ ಭಾರದ ಕಡೆಯೂ ಒಂದೇ ಜಾಗದಲ್ಲಿ ಬಿದ್ದಿದ್ದರೆ ಇದರಿಂದ ತೂಕ ತಾನಾಗಿ ಇಳಿಯುತ್ತದೆ. ಹೊಸ ಟೈರಿನ ಮೇಲಿನ ಹಳದಿ ಚುಕ್ಕೆ ಹಗುರ ಭಾಗದ ಗುರುತು, ಅದನ್ನು ವಾಲ್ವ್ ಪಕ್ಕಕ್ಕೆ ಬರುವಂತೆ ಇಡುತ್ತಾರೆ. ಪಂಕ್ಚರಿಗೆಂದು ಟೈರಿನೊಳಗೆ ದ್ರವ ತುಂಬಿಸಿದ್ದರೆ ಯಂತ್ರ ಪ್ರತಿ ಸಲವೂ ಬೇರೆ ಲೆಕ್ಕ ಹೇಳುತ್ತದೆ. ಟೈರು ಬಿಚ್ಚಿ ಒರೆಸದೆ ದಾರಿಯಿಲ್ಲ. ಟೈರು ಏರಿಸುವಾಗ ಸೋಪಿನ ನೀರು ಹೆಚ್ಚು ಬಳಿದಿದ್ದರೆ ಜೋರು ಬ್ರೇಕಿಗೆ ಟೈರು ರಿಮ್ಮಿನ ಮೇಲೆ ಜಾರಿ ಬ್ಯಾಲೆನ್ಸ್ ಹೋಗುತ್ತದೆ. ಟೈರಿಗೂ ರಿಮ್ಮಿಗೂ ಸೇರಿಸಿ ಚಾಕ್‌ಪೀಸಿನ ಒಂದು ಗೆರೆ ಎಳೆದುಕೊಂಡರೆ ಜಾರಿದ್ದು ಗೊತ್ತಾಗುತ್ತದೆ. ಮೊದಲ ದಿನ ಬ್ರೇಕ್ ಮೆತ್ತಗೆ ಹಿಡಿಯಿರಿ.

ಹೊರಗಿನ ಅಲಾಯ್ ಹಾಕಿಸಿದವರಿಗೆ ಇನ್ನೊಂದು ತೊಡಕಿದೆ. ಮಾರುತಿ, ಹ್ಯುಂಡೈನ ನಾಲ್ಕು ನಟ್ಟಿನ ಎಷ್ಟೋ ಗಾಡಿಗಳ ಹಬ್ಬಿನ ಮೂತಿ 54.1 ಮಿ.ಮೀ. ಎಲ್ಲ ಗಾಡಿಗೂ ಹೊಂದಲೆಂದು ಮಾಡಿದ ಅಲಾಯ್‌ಗಳ ನಡುತೂತು 67.1 ಅಥವಾ 73.1 ಇರುತ್ತದೆ. ನಡುವಿನ ಜಾಗ ತುಂಬುವ ಹಬ್ ರಿಂಗ್ ಹಾಕದಿದ್ದರೆ ಗಾಲಿ ನಟ್ಟಿನ ಆಧಾರದ ಮೇಲೆ ಮಾತ್ರ ನಿಲ್ಲುತ್ತದೆ, ಕೂದಲೆಳೆಯಷ್ಟು ಆಚೀಚೆ ಕೂರುತ್ತದೆ. ಯಂತ್ರದ ಮೇಲೆ ಸೊನ್ನೆ, ಗಾಡಿಯ ಮೇಲೆ ನಡುಕ ಎಂಬ ದೂರಿನಲ್ಲಿ ಇದನ್ನೇ ಮೊದಲು ನೋಡುವುದು ಒಳ್ಳೆಯದು.

ಇಷ್ಟು ಮಾಡಿದ ಮೇಲೆ 100ರಲ್ಲೂ ಸ್ಟೇರಿಂಗ್ ನಿಶ್ಚಲ. ಬ್ರೇಕ್ ಒತ್ತಿದರೆ ಮಾತ್ರ ನಡುಕ, ಪೆಡಲಿನಲ್ಲೂ ತಟತಟ ಮಿಡಿತ. ಈಗ ಡಿಸ್ಕ್.

ಡಿಸ್ಕ್ ಬೆಂಡ್ ಆಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ನಿಜವಾಗಿ ಹೆಚ್ಚಿನ ಸಲ ಆಗಿರುವುದು ಡಿಸ್ಕಿನ ದಪ್ಪದಲ್ಲಿ ವ್ಯತ್ಯಾಸ. 0.02 ಮಿ.ಮೀ. ಸಾಕು, ಕೈಗೆ ತಿಳಿಯುತ್ತದೆ. ದಪ್ಪ ಜಾಗ ಪ್ಯಾಡಿನ ನಡುವೆ ಬಂದಾಗ ಹಿಡಿತ ಹೆಚ್ಚು, ತೆಳು ಜಾಗ ಬಂದಾಗ ಕಡಿಮೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ (ಬ್ರೇಕ್ ಹೋಸ್ ಮೇಲೆ ಜೋತು ಬಿಡಬಾರದು), ಡಿಸ್ಕನ್ನು ನಟ್ ಹಾಕಿ ಎಲ್ಲ ಕಡೆ ಸಮನಾಗಿ ಬಿಗಿದು, ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ ಇಟ್ಟೆವು. ಡಿಸ್ಕಿನ ಓಲಾಟ ಬಲಗಡೆ 0.04 ಮಿ.ಮೀ., ಎಡಗಡೆ 0.13. ಸಾಮಾನ್ಯ ಮಿತಿ 0.1. ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ದಪ್ಪ ನೋಡಿದಾಗ ಎಡ ಡಿಸ್ಕಿನಲ್ಲಿ 0.03 ವ್ಯತ್ಯಾಸ.

ಡಿಸ್ಕ್ ತೆಗೆದಾಗ ಕಾರಣ ಕಂಡಿತು. ಹಬ್ಬಿನ ಮುಖದ ಮೇಲೆ ಒಂದು ಬೋಲ್ಟಿನ ಬುಡದಲ್ಲಿ ತುಕ್ಕಿನ ಪದರ ಎದ್ದು ನಿಂತಿತ್ತು, ಅದರ ಮೇಲೆ ಡಿಸ್ಕ್ ವಾರೆಯಾಗಿ ಕೂತಿತ್ತು. ಬುಡದಲ್ಲಿ ಕೂದಲೆಳೆಗಿಂತ ತೆಳುವಾದದ್ದು ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ದುಪ್ಪಟ್ಟಾಗುತ್ತದೆ. ಹಾಗೆ ಓಲಾಡುವ ಡಿಸ್ಕ್, ಬ್ರೇಕ್ ಹಿಡಿಯದಿದ್ದಾಗಲೂ ಪ್ರತಿ ಸುತ್ತಿಗೆ ಪ್ಯಾಡಿಗೆ ಒಂದು ಕಡೆ ತಾಗುತ್ತ ತಾಗುತ್ತ ಅಲ್ಲಿ ತೆಳುವಾಗುತ್ತದೆ. ಸಾವಿರಾರು ಕಿ.ಮೀ. ಆದ ಮೇಲೆ ನಡುಕ ಕಾಣಿಸುತ್ತದೆ. ಹಬ್ ಉಜ್ಜದೆ ಹೊಸ ಡಿಸ್ಕ್ ಹಾಕಿದವರಿಗೆ ಕೆಲವು ತಿಂಗಳಲ್ಲಿ ಅದೇ ದೂರು ಮರಳಿ ಬರುವುದು ಇದಕ್ಕೇ. ವೈರ್ ಬ್ರಷ್, ಆಮೇಲೆ ಎಮರಿ ಪೇಪರಿನಿಂದ ಬೋಲ್ಟಿನ ಬುಡದವರೆಗೂ ಲೋಹ ಹೊಳೆಯುವಂತೆ ಉಜ್ಜಬೇಕು. ಡಿಸ್ಕಿನ ಒಳಮುಖವನ್ನೂ ಬಿಡಬಾರದು. ಉಜ್ಜಿ ಕೂರಿಸಿದಾಗ ಎಡಗಡೆಯ ಓಲಾಟ 0.05ಕ್ಕೆ ಇಳಿಯಿತು. ಇನ್ನೂ ಇಳಿಯದಿದ್ದರೆ ಡಿಸ್ಕನ್ನು ಒಂದು ಬೋಲ್ಟ್ ಮುಂದಕ್ಕೆ ತಿರುಗಿಸಿ ಕೂರಿಸಿ ನೋಡಬಹುದು.

ಆಗಲೇ ಸವೆದಿದ್ದ 0.03 ಹೋಗಬೇಕಾದರೆ ಲೇತ್ ಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ. ಕಡೆದ ಮೇಲೂ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಮಾತ್ರ ಲೇತಿಗೆ ಕೊಡಬೇಕು, ಇಲ್ಲದಿದ್ದರೆ ಎರಡೂ ಬದಿಗೆ ಹೊಸದು. ಲೇತಿನವರಿಗೆ ಬಿಡಿಸಿ ಹೇಳಬೇಕಾದ್ದಿದೆ: ಎರಡೂ ಮುಖ ಒಂದೇ ಸಲ ಹಿಡಿದು ಕಡೆಯಬೇಕು, ಹಬ್ಬಿಗೆ ಕೂರುವ ಮುಖವೇ ಆಧಾರವಾಗಬೇಕು. ಒಂದು ಮುಖ ಕಡೆದು, ಬಿಚ್ಚಿ, ಮಗುಚಿ ಇನ್ನೊಂದು ಕಡೆದರೆ ಎರಡು ಮುಖ ಒಂದಕ್ಕೊಂದು ಸಮಾನಾಂತರವಾಗಿರುವುದಿಲ್ಲ, ಕೊಟ್ಟಾಗಿನದಕ್ಕಿಂತ ಕೆಟ್ಟು ಬರುತ್ತದೆ. ಬಂದ ಡಿಸ್ಕನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಗೇಜ್ ಹಚ್ಚಿ ಮತ್ತೆ ಅಳೆದೆವು: ದಪ್ಪದ ವ್ಯತ್ಯಾಸ 0.01ಕ್ಕಿಂತ ಕಡಿಮೆ. ಕ್ಯಾಲಿಪರಿನ ಪಿನ್ನುಗಳು ಧೂಳು ಹಿಡಿದು ಬಿಗಿಯಾಗಿದ್ದವು. ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿದೆವು. ಸಾಮಾನ್ಯ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬುತ್ತದೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ.

ಹೊಸ ಪ್ಯಾಡ್ ಕೂರಲು 60ರಿಂದ 20ಕ್ಕೆ ಮೆತ್ತಗೆ ಇಳಿಸುವುದನ್ನು ಎಂಟು–ಹತ್ತು ಸಲ ಮಾಡಬೇಕು, ನಡುವೆ ತಣ್ಣಗಾಗಲು ಬಿಡಬೇಕು, ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬಾರದು. ಬಿಸಿ ಡಿಸ್ಕಿಗೆ ಪ್ಯಾಡ್ ಅಂಟಿದಂತೆ ನಿಂತರೆ ಅಲ್ಲೇ ಕಲೆ ಕೂತು ಮತ್ತೆ ಮಿಡಿತ ಶುರುವಾಗುತ್ತದೆ. ದೂರದಿಂದ ಬಂದ ಕೂಡಲೇ ಗಾಲಿಗೆ ತಣ್ಣೀರು ಹೊಡೆಯುವುದೂ ಡಿಸ್ಕಿಗೆ ಕೆಟ್ಟದ್ದು.

ಗಾಲಿ ನೆಲ ಬಿಟ್ಟು ಮೇಲೆ ಇರುವಾಗಲೇ ಪ್ಲೇ (ಕೀಲುಗಳ ಸಡಿಲ) ನೋಡಿಕೊಳ್ಳಬೇಕು. ಗಡಿಯಾರದ 9 ಮತ್ತು 3ರ ಜಾಗ ಹಿಡಿದು ಅಲುಗಾಡಿಸಿದಾಗ ಸಡಿಲವಿದ್ದರೆ ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳಿನ ಕೀಲು, ಅಂದರೆ ಟೈರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. 12 ಮತ್ತು 6ರ ಜಾಗದಲ್ಲಿ ಸಡಿಲವಿದ್ದರೆ ಬಾಲ್ ಜಾಯಿಂಟ್. ಎರಡೂ ಕಡೆ ಇದ್ದರೆ ಬೇರಿಂಗ್. ಸ್ಪ್ರಿಂಗನ್ನು ಒಂದು ಕೈಯಲ್ಲಿ ಹಿಡಿದು ಗಾಲಿ ತಿರುಗಿಸಿದರೆ ಸವೆದ ಬೇರಿಂಗಿನ ಗರಗರ ಬೆರಳಿಗೆ ಬರುತ್ತದೆ. ಇವು ನಡುಕವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಇರುವ ಸಣ್ಣ ನಡುಕವನ್ನು ದೊಡ್ಡದು ಮಾಡಿ ಕೈಗೆ ಮುಟ್ಟಿಸುತ್ತವೆ. ಲೋವರ್ ಆರ್ಮಿನ ಬುಷ್ ಹರಿದಿದ್ದರೂ ಹಾಗೆಯೇ. ಡ್ರೈವ್ ಶಾಫ್ಟಿನ ಬೂಟ್ ಹರಿದು ರಿಮ್ಮಿನ ಒಳಗೆ ಗ್ರೀಸ್ ಎರಚಿದೆಯೇ ಎಂದೂ ನೋಡಿ. ನಮ್ಮ ಗಾಡಿಯಲ್ಲಿ ಎಡಗಡೆಯ ಟೈರಾಡ್ ಎಂಡ್ ಸಡಿಲವಿತ್ತು, ಬದಲಿಸಿದೆವು. ಅದನ್ನು ಮುಟ್ಟಿದ್ದರಿಂದ ಟೋ (ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ) ಬದಲಾಗುತ್ತದೆ; ಅಲೈನ್‌ಮೆಂಟ್ ಮಾಡಿಸಬೇಕಾದ ಸಮಯ ಬಂದದ್ದು ಆಗ, ಎಲ್ಲ ಮುಗಿದ ಮೇಲೆ.

ನಟ್ ಬಿಗಿಯುವುದನ್ನು ಗಾಳಿ ಗನ್ನಿಗೆ ಬಿಡಬಾರದು. ಮೊದಲು ಕೈಯಿಂದ ಎಲ್ಲವನ್ನೂ ಕೂರಿಸಿ, ಗಾಲಿ ನೆಲಕ್ಕೆ ತಾಗಿದ ಮೇಲೆ ಎದುರುಬದುರಾಗಿ, ಎರಡು ಹಂತದಲ್ಲಿ ಟಾರ್ಕ್ ಪಾನಾದಿಂದ ಬಿಗಿಯಬೇಕು. ಸಣ್ಣ ಗಾಡಿಗಳಿಗೆ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿದೆ. ಗನ್ನಿನಿಂದ ಒಂದು ನಟ್ ಹೆಚ್ಚು, ಒಂದು ಕಡಿಮೆ ಬಿಗಿದರೆ ಉಜ್ಜಿ ಕೂರಿಸಿದ ಡಿಸ್ಕ್ ಮತ್ತೆ ವಾರೆಯಾಗುತ್ತದೆ. ನಟ್ಟಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಟಾರ್ಕ್ ಲೆಕ್ಕ ತಪ್ಪುತ್ತದೆ. 80–100 ಕಿ.ಮೀ. ಓಡಿದ ಮೇಲೆ, ಗಾಲಿ ತಣ್ಣಗಿರುವಾಗ, ನಾಲ್ಕೂ ನಟ್ಟಿಗೆ ಮತ್ತೊಮ್ಮೆ ಅದೇ ಟಾರ್ಕ್ ಪಾನಾ ಹಾಕಿ ನೋಡಿ.